ಬಲಗಡೆಯ ಸ್ಟೀರಿಂಗ್

ಕಾರು ತರುವ ದಿನ ಸುದರ್ಶನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಗುಂಡಿಗಳೆಲ್ಲ ಒಂದೊಂದು ಕಾಜ ಕೆಳಗೆ ಬಿದ್ದಿದ್ದವು. ಕಾರಿನ ಕಾರ್ಖಾನೆಯಿರುವ ಟೋರ್ಸ್‌ಲಾಂಡದ ಬಸ್ಸಿಗೆ ಕಾಯುತ್ತ ನಿಂತಾಗ ನಿವೇದಿತಾ ಅವನ್ನು ಬಿಚ್ಚಿ ಮತ್ತೆ ಸರಿಯಾಗಿ ಹಾಕಿದಳು.

“ಏನೋ ಇದು, ಮದುವೆ ದಿನಾನೂ ಇಷ್ಟು ಟೆನ್ಷನ್ ಆಗಿರ್ಲಿಲ್ಲ ನಿಂಗೆ.”

“ಮದುವೇಲಿ ಜುಬ್ಬ ಹಾಕಿದ್ದೆ. ಗುಂಡಿ ಕಮ್ಮಿ,” ಎಂದ ಅವನು.

ಗಂಡ ಹೆಂಡತಿ ಇಬ್ಬರೂ ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಸ್ವೀಡನ್ನಿಗೆ ಬಂದ ಮೇಲೆ ಒಂದೇ ಊರಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿರಲಿಲ್ಲ. ಅವಳು ಯೋನ್‌ಶೋಪಿಂಗ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಅವನು ಗೋಥೆನ್‌ಬರ್ಗ್‌ನಲ್ಲಿ ಬಾಡಿಗೆ ಕೋಣೆ ಹಿಡಿದು, ಕಾರ್ಖಾನೆಗೆ ಬ್ರೇಕ್ ಪರೀಕ್ಷೆ ಮಾಡಿಕೊಡುವ ಒಂದು ಕಾಂಟ್ರ್ಯಾಕ್ಟ್ ಕಂಪನಿಯಲ್ಲಿ ದುಡಿಯುತ್ತಿದ್ದ. ಶುಕ್ರವಾರ ಸಂಜೆಯ ಬಸ್ಸಿಗೆ ಯೋನ್‌ಶೋಪಿಂಗ್‌ಗೆ ಬಂದು ಭಾನುವಾರ ಮರಳುವನು. ಅವನ ಕೆಲಸವೆಂದರೆ ಕಾರು ಓಡಿಸುವುದು. ಚಳಿಗಾಲದಲ್ಲಿ ಉತ್ತರಕ್ಕೆ ಹೋಗಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಕಾರನ್ನು ಬೇಕೆಂದೇ ಜಾರಿಸಿ, ಬ್ರೇಕು ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಎಂದು ಅಂಗಾಲಿನಲ್ಲೇ ತಿಳಿದುಕೊಳ್ಳುವುದು. ವಾರಾಂತ್ಯದ ಊಟದ ಹೊತ್ತಿನಲ್ಲಿ ಅವನು ಹೇಳುತ್ತಿದ್ದುದೆಲ್ಲ ಅದೇ. ಅವಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಕೇಳುತ್ತಿದ್ದಳು.

ಹಿಂದಿನ ವರ್ಷ ಅವನ ಹಳೆಯ ಮ್ಯಾನೇಜರ್ ಅನಿರುದ್ಧ್ ಬೆಂಗಳೂರಿನಿಂದ ಫೋನ್ ಮಾಡಿದ್ದ. ಹೊಸಕೋಟೆಯ ಆಚೆ ಕಾರು ಪರೀಕ್ಷೆಯ ಕೇಂದ್ರವೊಂದು ಶುರುವಾಗುತ್ತಿದೆ, ನೀನೇ ಬಂದು ನಡೆಸು ಎಂದಿದ್ದ. ಗಂಡ ಹೆಂಡತಿ ವಾರಗಟ್ಟಲೆ ಮಾತಾಡಿ ಊರಿಗೆ ಮರಳುವುದೆಂದು ತೀರ್ಮಾನಿಸಿದರು. ತಾನು ಇಷ್ಟು ವರ್ಷ ತಿದ್ದಿದ ಕಾರುಗಳಲ್ಲಿ ಒಂದನ್ನಾದರೂ ಜೊತೆಗೆ ಒಯ್ಯಬೇಕೆಂಬ ಆಸೆ ಸುದರ್ಶನ್‌ಗೆ. ಎಡಗಡೆ ಸ್ಟೀರಿಂಗಿನ ಕಾರನ್ನು ಊರಿನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಬಲಗಡೆ ಸ್ಟೀರಿಂಗಿನದನ್ನೇ ಬುಕ್ ಮಾಡಿದ. ಕಾರ್ಖಾನೆಯಲ್ಲೇ ಕೀಲಿಕೈ ತೆಗೆದುಕೊಂಡು, ಒಂದು ಸುತ್ತು ತಿರುಗಾಡಿ, ಅದೇ ದಿನ ಗೋಥೆನ್‌ಬರ್ಗ್ ಬಂದರಿನಲ್ಲಿ ಹಡಗಿಗೆ ಒಪ್ಪಿಸುವುದು. ತಾವು ವಿಮಾನದಲ್ಲಿ, ಕಾರು ಸಮುದ್ರದಲ್ಲಿ. ಚೆನ್ನೈನಲ್ಲಿ ಇಳಿಸಿಕೊಳ್ಳಲು ಅವನ ಅಣ್ಣ ಪ್ರಭಾಕರ ಒಪ್ಪಿದ್ದ.

ಆಮೇಲೆ ಸಂಕ್ರಾಂತಿಯ ಹೊತ್ತಿಗೆ ಅವನ ಬಲಗಣ್ಣಿನ ನಡುವೆ ಒಂದು ಮಸುಕು ಬಂತು. ಒರೆಸಿದರೆ ಹೋಗದು, ಕನ್ನಡಕ ಬದಲಿಸಿದರೆ ಹೋಗದು. ಕಣ್ಣಿನ ನರ ಒಣಗುತ್ತಿದೆ, ಮದ್ದಿಲ್ಲ ಎಂದರು ಡಾಕ್ಟರು. ಕಾನೂನಿನಂತೆ ಅವರೇ ಸರ್ಕಾರಕ್ಕೆ ಬರೆದರು. ಲೈಸೆನ್ಸ್ ಹೋಯಿತು. ಕಂಪನಿ ಅವನನ್ನು ಟ್ರ್ಯಾಕಿನಿಂದ ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿತು.

“ಒಂದು ಕಣ್ಣು ತಾನೇ. ಇನ್ನೊಂದು ಚೆನ್ನಾಗಿದೆ,” ಎಂದಿದ್ದ ಸುದರ್ಶನ್. “ಬೆಂಗಳೂರಲ್ಲಿ ನಾನು ಓಡಿಸ್ಬೇಕು ಅಂತೇನಿಲ್ಲ. ಓಡಿಸೋರನ್ನ ನೋಡ್ಕೊಂಡ್ರೆ ಸಾಕು. ನೀನು ಕಲ್ತುಬಿಡು.”

ಅವಳು ನಂಬಿದಳು. ನಲವತ್ತರ ಹತ್ತಿರ ಬಂದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿದಳು. ವಾರಾಂತ್ಯಗಳೆಲ್ಲ ಪಾಠಕ್ಕೆ ಹೋದವು. ಅವನು ಬಂದಾಗ ಅವಳು ಹೊರಗೆ, ಅವಳು ಬಂದಾಗ ಅವನು ತಲೆನೋವೆಂದು ಮಲಗಿರುತ್ತಿದ್ದ. ಒಮ್ಮೆ ಫೇಲಾಗಿ, ಬೇಸಿಗೆಯ ಕೊನೆಗೆ ಪಾಸಾದಳು.

ಕಾರು ಒಪ್ಪಿಸುವ ಹಾಲ್‌ನಲ್ಲಿ ಅವರ ಕಡುನೀಲಿ ಕಾರು ದೀಪಗಳ ಕೆಳಗೆ ನಿಂತಿತ್ತು. ಅಲ್ಲಿನ ಹೆಂಗಸಿಗೆ ಭಾರತದ ಇಂಜಿನಿಯರುಗಳು ಹೊಸಬರಲ್ಲ. ನಿವೇದಿತಾ ಬ್ಯಾಗಿನಿಂದ ನಿಂಬೆಹಣ್ಣು ತೆಗೆಯುತ್ತಿದ್ದಂತೆ ಆಕೆ ತಾನಾಗಿಯೇ ಒಳಗೆ ಹೋಗಿ ರಟ್ಟಿನ ತುಂಡುಗಳನ್ನು ತಂದುಕೊಟ್ಟಳು. ನೆಲ ಅಂಟಾಗುತ್ತದೆ ನೋಡಿ, ಎಂದು ನಕ್ಕಳು. ಸುದರ್ಶನ್ ಕಾರಿನ ಸುತ್ತ ಒಂದು ಕೈ ಆಡಿಸುತ್ತ ನಡೆದ. ಬಾನೆಟ್ಟಿನ ಅಂಚು, ದೀಪದ ಗಾಜು, ಬಾಗಿಲಿನ ಸಂದು, ಯಾವುದನ್ನೂ ಮುಟ್ಟದೆ ಬಿಡಲಿಲ್ಲ. ಖುಷಿಗೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡಳು ನಿವೇದಿತಾ. ಹೆಂಗಸು ಪರದೆಯಲ್ಲಿ ಏನೇನೋ ತೋರಿಸಿ “ಕಂಡಿತಲ್ಲ?” ಎಂದಾಗಲೆಲ್ಲ ಅವನು ತಲೆಯಾಡಿಸಿದ.

ಚಕ್ರಕ್ಕೆ ನಿಂಬೆಹಣ್ಣು ಸಿಕ್ಕಿ ಪಚಕ್ಕೆಂದಿತು. ಕಾರು ಹೊರಗೆ ಬಂತು.

ನಿವೇದಿತಾಳಿಗೆ ಹೆದ್ದಾರಿಯ ವೇಗವೆಂದರೆ ಭಯ. ಸಂಜೆಯೊಳಗೆ ಬಂದರಿಗೆ ಹೋದರೆ ಸಾಕಿತ್ತು. ಹಾಗಾಗಿ ಸರೋವರವೊಂದರ ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದು ಬರೋಣವೆಂದು ಹಳೆಯ ಒಳದಾರಿ ಹಿಡಿದಳು. ರಸ್ತೆ ಕಿರಿದು. ಹೋಗಲು ಒಂದು ಸಾಲು, ಬರಲು ಒಂದು ಸಾಲು. ಎರಡೂ ಬದಿ ಕೊಯ್ಲು ಮುಗಿದ ಹೊಲಗಳು, ಅದರಾಚೆ ಕಾಡು. ರಸ್ತೆಯ ಬಲಭಾಗದಲ್ಲಿ ಓಡಿಸುವ ದೇಶದಲ್ಲಿ ಬಲಗಡೆ ಕೂತು ಓಡಿಸುವುದು ಎಂಥ ಕಷ್ಟವೆಂದು ಅವಳಿಗೆ ಬೇಗನೆ ತಿಳಿಯಿತು. ಅವಳ ಪಕ್ಕಕ್ಕೆ ಚರಂಡಿ. ರಸ್ತೆಯ ನಡುವಿನ ಗೆರೆ ದೂರದಲ್ಲಿ, ಸುದರ್ಶನ್ ಕೂತ ಬದಿಗೆ. ಮುಂದೆ ದೊಡ್ಡ ಗಾಡಿ ಬಂದರೆ ಅದರಾಚೆ ಏನಿದೆಯೆಂದು ಅವಳಿಗೆ ಕಾಣದು. ಎಡಗಡೆ ಕೂತವರು ಹೇಳಬೇಕು.

ಮೊದಲ ಸಲ ಒಂದು ಹುಲ್ಲಿನ ಟ್ರ್ಯಾಕ್ಟರ್ ಅಡ್ಡ ಬಂತು.

“ಎದುರುಗಡೆ ಯಾರಾದ್ರೂ ಬರ್ತಿದಾರಾ ನೋಡೋ.”

ಅವನು ಕತ್ತು ಓರೆ ಮಾಡಿ, “ಇರು, ಬರ್ತಿದೆ ಏನೋ,” ಎಂದ. ಕೆಂಪು ಬಸ್ಸೊಂದು ದಾಟಿ ಹೋಯಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ತಾನಾಗಿಯೇ ಹೊಲದ ಕಡೆ ತಿರುಗಿಕೊಂಡಿತು. ಅವಳಿಗೆ ಧೈರ್ಯ ಬಂತು. ಕಾರು ಮೆತ್ತಗೆ, ಮಾತು ಕೇಳುವ ಹಾಗೆ ಓಡುತ್ತಿತ್ತು. ಬ್ರೇಕ್ ಒತ್ತಿದಾಗ ಅವನು “ನೋಡು, ಎಷ್ಟು ಸ್ಮೂತಾಗಿ ನಿಂತ್ಕೊಳತ್ತೆ,” ಎಂದು ಕಣ್ಣು ಮುಚ್ಚಿ ಹೇಳಿದ. ಹಾಗೆ ಹೇಳಿದಾಗ ಅವನ ಮುಖದಲ್ಲಿ ಕಾಲೇಜಿನ ಹುಡುಗ ಕಂಡಂತಾಗಿ ಅವಳಿಗೂ ಹಿತವೆನಿಸಿತು.

ಎರಡನೆಯ ಸಲ ಮುಂದೆ ಸಿಕ್ಕಿದ್ದು ಎಪಾ. ಇನ್ನೂ ಕಾರಿನ ಲೈಸೆನ್ಸ್ ಸಿಗದ ಹದಿಹರೆಯದವರು ಓಡಿಸುವ, ವೇಗ ಕಟ್ಟಿಹಾಕಿದ ಹಳೇ ಗಾಡಿ. ಬೆನ್ನಿಗೆ ಕೆಂಪು ತ್ರಿಕೋನ, ಒಳಗೆ ಎದೆ ನಡುಗಿಸುವ ಸಂಗೀತ. ಹಿಂದುಗಡೆ ಎತ್ತರದ ಪೆಟ್ಟಿಗೆ ಕೂರಿಸಿದ್ದರಿಂದ ಮುಂದಿನದು ಏನೂ ಕಾಣುತ್ತಿರಲಿಲ್ಲ. ಅದು ತೆವಳುತ್ತ ಸಾಗಿತು. ಕನ್ನಡಿಯಲ್ಲಿ ನೋಡಿದರೆ ನಿವೇದಿತಾಳ ಹಿಂದೆ ಕಾರುಗಳ ಸಾಲು ಬೆಳೆದಿತ್ತು. ಯಾರೂ ಹಾರ್ನ್ ಹಾಕಲಿಲ್ಲ. ಅದೇ ಅವಳಿಗೆ ಇನ್ನಷ್ಟು ಹಿಂಸೆಯಾಯಿತು.

“ಸುದಿ, ನೋಡು. ಹೋಗ್ಲಾ?”

“ಒಂದ್ನಿಮಿಷ.”

“ಹಿಂದೆ ಅಷ್ಟೊಂದು ಜನ ಇದಾರೆ ಕಣೋ. ಹೇಳು ಬೇಗ.”

ಅವನು ಮುಂದಕ್ಕೆ ಬಾಗಿ ನೋಡಿದ. ನೇರವಾಗಿಯೇ ನೋಡಿದ.

“ಖಾಲಿ ಇದೆ. ಹೋಗು.”

ಅವಳು ಹೊರಗೆ ಎಳೆದು ವೇಗ ಹೆಚ್ಚಿಸಿದಳು. ಕಾರು ಅರ್ಧ ಆಚೆ ಸಾಲಿಗೆ ಬಂದಿತ್ತು. ಎದುರಿಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಬೆಳ್ಳಿ ಬಣ್ಣದ ಹಾಲಿನ ಟ್ಯಾಂಕರ್ ದೀಪ ಮಿಣುಕಿಸುತ್ತ ಬರುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿ ಕಾರು ಕಿರುಚಿತು. ಬ್ರೇಕ್ ತಾನು ಒತ್ತಿದಳೋ ಕಾರೇ ಹಾಕಿಕೊಂಡಿತೋ ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸ್ಟೀರಿಂಗ್ ತಿರುಗಿ ಎಪಾದ ಬೆನ್ನ ಹಿಂದೆ ಬಂದು ಸೇರಿದ್ದಷ್ಟೇ ಗೊತ್ತು. ಟ್ಯಾಂಕರ್ ಹಾದು ಹೋದ ಗಾಳಿಗೆ ಇಡೀ ಕಾರು ಅಲುಗಿತು.

ಮುಂದೆ ಒಂದು ಬಿಳಿ ಚರ್ಚು, ಅದರ ಮುಂದೆ ಕಾರು ನಿಲ್ಲಿಸುವ ಜಾಗ. ಅವಳು ಒಳಗೆ ತಿರುಗಿಸಿ ನಿಲ್ಲಿಸಿದಳು. ಎಂಜಿನ್ ಆರಿಸಿ ಅವನ ಕಡೆ ತಿರುಗಿದಳು.

“ಕಾಣಿಸ್ಲಿಲ್ವಾ ನಿಂಗೆ?”

ಅವನು ಸೀಟ್ ಬೆಲ್ಟಿನ ಗುಂಡಿ ತಡಕಿದ.

“ಅಷ್ಟು ದೊಡ್ಡ ಟ್ಯಾಂಕರ್, ಸುದಿ. ಕಾಣಿಸ್ಲಿಲ್ವಾ?”

“ರೋಡ್ ಖಾಲಿ ಇತ್ತು.”

“ಖಾಲಿ ಇತ್ತಾ!”

“ನಂಗೆ ಖಾಲಿ ಕಾಣಿಸ್ತು ನಿವಿ. ಅಮ್ಮನಾಣೆ, ಸುಳ್ಳು ಹೇಳ್ತಿಲ್ಲ. ಕಣ್ಣಿಗೆ ಕಾಣದೇ ಇರೋ ಜಾಗನ ತಲೇನೇ ತುಂಬ್ಸಿಕೊಳತ್ತಂತೆ. ಸುತ್ತ ರೋಡಿದ್ರೆ ನಡುವೇನೂ ರೋಡು ಅಂತ ಮಾಡ್ಕೊಳತ್ತಂತೆ. ಡಾಕ್ಟರ್ ಹೇಳಿದ್ರು. ನಾನು ನಂಬಿರ್ಲಿಲ್ಲ.”

 ಅವಳು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

“ನನ್ನ ನೋಡು.”

“ನೋಡ್ತಿದೀನಿ.”

“ನನ್ನ ಕಿವಿ ನೋಡ್ತಿದೀಯ ನೀನು.”

“ಕಿವಿ ನೋಡಿದ್ರೆ ಮುಖ ಒಂಚೂರು ಸಿಗತ್ತೆ,” ಎಂದ ಅವನು. “ಮುಖ ನೋಡಿದ್ರೆ ಮುಖ ಇರಲ್ಲ.”

ಎಡಗಣ್ಣಿಗೂ ಶುರುವಾದದ್ದು ಮೇ ತಿಂಗಳಲ್ಲಿ. ದೃಷ್ಟಿ ಮೊದಲನೆಯದಕ್ಕಿಂತ ಬೇಗ ಇಳಿಯಿತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನವನು ಅವಳಿಗೆ ಹೇಳಿರಲಿಲ್ಲ. ಅವನ ಸೋದರಮಾವ ಶಂಕರನಿಗೂ ಮೂವತ್ತೈದರ ಸುಮಾರಿಗೆ ಕಣ್ಣು ಹೋಗಿತ್ತು. ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡಿ ಹಾಗಾಯಿತು ಎಂದು ಮನೆಯವರೆಲ್ಲ ನಂಬಿಕೊಂಡಿದ್ದರು. ವೆಲ್ಡಿಂಗ್ ಅಲ್ಲ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವ ಕಾಯಿಲೆ ಎಂದು ಸುದರ್ಶನ್‌ಗೆ ಇಲ್ಲಿಯ ಆಸ್ಪತ್ರೆಯಲ್ಲಿ ಗೊತ್ತಾಯಿತು.

“ಅನಿರುದ್ಧ್‌ಗೆ ಹೇಳಿದೀಯಾ?” ಎಂದು ಕೇಳಿದಳು.

“ಜೂನಲ್ಲೇ ಹೇಳ್ದೆ.”

“ಏನಂದ?”

“ಪಾಪ, ಒಳ್ಳೆಯವನು. ಮೊದಲು ಹೆಲ್ತ್ ನೋಡ್ಕೋ ಅಂದ. ಬೇರೆಯವರನ್ನ ತಗೊಂಡಿದಾರೆ.”

“ಅಂದ್ರೆ ಬೆಂಗಳೂರಲ್ಲಿ ಕೆಲಸ ಇಲ್ಲ.”

“ಇಲ್ಲ. ಇಲ್ಲೂ ಇಲ್ಲ. ಈ ತಿಂಗಳು ಮುಗಿದ್ರೆ ಮುಗೀತು.”

“ಮತ್ತೆ ಈ ಕಾರು ಯಾಕೋ?” ಅವಳು ಸ್ಟೀರಿಂಗಿಗೆ ಬಡಿದಳು. “ಇದನ್ಯಾಕೆ ತಗೊಂಡೆ? ಕ್ಯಾನ್ಸಲ್ ಮಾಡ್ಬೋದಿತ್ತಲ್ಲ!”

“ಮಾಡಿದ್ರೆ ಯಾಕೆ ಅಂತ ಕೇಳ್ತಿದ್ದೆ ನೀನು. ಆಗ ಹೇಳ್ಬೇಕಾಗ್ತಿತ್ತು.”

ಅವಳು ಬಾಗಿಲು ತೆಗೆದು ಇಳಿದು ಹೋದಳು. ಸ್ಮಶಾನದ ತಗ್ಗುಗೋಡೆಯ ಹತ್ತಿರ ನಿಂತು ಜೋರಾಗಿ ಉಸಿರೆಳೆದುಕೊಂಡಳು. ಗೋರಿಯೊಂದರ ಹೂಗಿಡಕ್ಕೆ ನೀರು ಹಾಕುತ್ತಿದ್ದ ಮುದುಕಿ ತಲೆಯೆತ್ತಿ, ಇಲ್ಲಿಯವರು ನಮಸ್ಕಾರ ಹೇಳುವಂತೆ “ಹೇಯ್” ಎಂದಳು. ನಿವೇದಿತಾ ಕೂಡ “ಹೇಯ್” ಎಂದಳು. ಅತ್ತು ಬಿಡಬಹುದಿತ್ತು. ಆದರೆ ಆ ಹೆಂಗಸಿನ ಎದುರಿಗೆ ಅಳು ಬರಲಿಲ್ಲ. ಹಿಂದಿರುಗಿ ನೋಡಿದಳು. ಕಾರಿನೊಳಗೆ ಸುದರ್ಶನ್ ಖಾಲಿ ಚಾಲಕನ ಸೀಟಿನ ಕಡೆ ಮುಖ ಮಾಡಿ ಏನೋ ಹೇಳುತ್ತಿದ್ದ. ಅವಳು ಇಳಿದದ್ದು ಅವನಿಗೆ ಗೊತ್ತಿತ್ತು. ಅವಳು ಮರಳಿ ಕೂತಿದ್ದಾಳೆ ಎಂದುಕೊಂಡಿದ್ದನೋ ಏನೋ. ಕೊನೆಗೆ ಕೈ ಚಾಚಿ ಸೀಟನ್ನು ತಡವಿ, ಮಾತು ನಿಲ್ಲಿಸಿದ.

ಅವಳು ಬಂದು ಕೂತಳು. ಅವನು ಏನು ಹೇಳುತ್ತಿದ್ದನೆಂದು ಕೇಳಲಿಲ್ಲ.

ಮಧ್ಯಾಹ್ನವಾಗಿತ್ತು. ಹಸಿವಾಗಿತ್ತು. ಅಲ್ಲೇ ಡಬ್ಬಿ ಬಿಚ್ಚಿದರು. ಅವನ ಚಮಚದಿಂದ ಅನ್ನ ಉದುರಿ ಹೊಸ ಸೀಟಿನ ಮೇಲೆ ಬಿತ್ತು. ಅವನಿಗೆ ತಿಳಿಯಲಿಲ್ಲ. ಅವಳು ಅಗುಳುಗಳನ್ನು ಒಂದೊಂದಾಗಿ ಆರಿಸಿ ಮುಚ್ಚಳದಲ್ಲಿ ಹಾಕಿದಳು.

“ವಾಪಸ್ ಕೊಟ್ಬಿಡೋಣ,” ಎಂದಳು.

“ಬಲಗಡೆ ಸ್ಟೀರಿಂಗ್ ಇಲ್ಲಿ ಯಾರಿಗೆ ಬೇಕು? ನಾವು ಹೇಳಿ ಮಾಡಿಸಿದ್ದು. ತಗೊಳಲ್ಲ ಅವರು.”

“ಮನೆಗೆ ತಗೊಂಡು ಹೋಗೋಣ ಹಾಗಾದ್ರೆ.”

“ಯಾರು ಓಡಿಸ್ತಾರೆ? ನೀನು ಓಡಿಸ್ತೀಯಾ?”

 ಬಂದರಿನವರೆಗೆ ಇದನ್ನು ಹೇಗೆ ಓಡಿಸುವುದೆಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಹೋಗ್ಲಿ ಬಿಡು ಊರಿಗೆ,” ಎಂದ ಸುದರ್ಶನ್. “ಅಣ್ಣ ಇಟ್ಕೊಳ್ಲಿ. ಅದಾದ್ರೂ ಹೋಗ್ಲಿ.”

ಗೋಥೆನ್‌ಬರ್ಗ್‌ಗೆ ಮರಳುವಾಗ ಅವಳು ಯಾವ ಗಾಡಿಯನ್ನೂ ಹಿಂದೆ ಹಾಕಲಿಲ್ಲ. ಹಿಂದೆ ಸಾಲು ಬೆಳೆದಾಗ ಬಸ್ ಸ್ಟಾಪಿಗೆ ಒತ್ತಿ ನಿಲ್ಲಿಸಿ, ಎಲ್ಲರನ್ನೂ ಮುಂದೆ ಬಿಟ್ಟಳು. ಸುದರ್ಶನ್ ಕಿಟಕಿಯ ಕಡೆ ತಿರುಗಿ ಕೂತಿದ್ದ. ಅವಳು ಒಂದು ಸಲವೂ ಅವನನ್ನು ಏನನ್ನೂ ಕೇಳಲಿಲ್ಲ. ಕೇಳದಿದ್ದುದು ಅವನಿಗೆ ತಾಗಿತೆಂದು ಗೊತ್ತಿತ್ತು. ಆದರೂ ಕೇಳುವ ಹಾಗಿರಲಿಲ್ಲ.

ಬಂದರಿನ ಅಂಗಳದಲ್ಲಿ ನೂರಾರು ಕಾರುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಹಳದಿ ಜಾಕೆಟ್ಟಿನವನೊಬ್ಬ ಕಾರಿನ ಸುತ್ತ ನಡೆದು, ಗೀರು ಇದೆಯೇ ನೋಡಿ, ಒಳಗೆ ಸಾಮಾನು ಉಳಿದಿಲ್ಲವಷ್ಟೆ ಎಂದು ಕೇಳಿದ. ಆಮೇಲೆ ಟ್ಯಾಬ್ಲೆಟ್ ಚಾಚಿ, ಮಾಲೀಕರು ಇಲ್ಲಿ ಸಹಿ ಹಾಕಬೇಕು ಎಂದ. ಸುದರ್ಶನ್ ಬೆರಳಿಟ್ಟು ಬರೆದ. ಸಹಿ ಚೌಕದ ಹೊರಗೆ ಹೋಗಿತ್ತು. ಆ ಮನುಷ್ಯ ಅಳಿಸಿ ಮತ್ತೆ ಕೊಟ್ಟ. ಮತ್ತೆ ಹೊರಗೆ ಹೋಯಿತು. ನಿವೇದಿತಾ ಅವನ ತೋರುಬೆರಳು ಹಿಡಿದು ಚೌಕದ ಒಳಗೆ ತಂದಿಟ್ಟಳು. ಹಳದಿ ಜಾಕೆಟ್ಟಿನವನು ಬೇರೆ ಕಡೆ ನೋಡಿದ.

ಆಮೇಲೆ ಆ ಜಾಕೆಟ್ಟಿನವನು ರೂಢಿಯಂತೆ ಎಡಗಡೆಯ ಬಾಗಿಲು ತೆಗೆದು, ಸ್ಟೀರಿಂಗ್ ಇಲ್ಲದ್ದು ಕಂಡು ತನ್ನಷ್ಟಕ್ಕೆ ನಕ್ಕು, ಸುತ್ತಿ ಬಂದು ಕೂತ. ಕಾರು ಹೊರಟಿತು.

“ಹೋಯ್ತಾ?” ಎಂದ ಸುದರ್ಶನ್.

“ಹೋಗ್ತಿದೆ.”

“ಯಾವ ಕಡೆ?”

ಅವಳು ಅವನ ಭುಜ ಹಿಡಿದು ಆ ಕಡೆ ತಿರುಗಿಸಿದಳು. ಅಷ್ಟರಲ್ಲಿ ಅದು ಬೇರೆ ಕಾರುಗಳ ನಡುವೆ ಸೇರಿ ಅವಳಿಗೂ ಗುರುತು ಸಿಗದಂತಾಯಿತು. ಅದನ್ನು ಹೇಳಲಿಲ್ಲ. ಅವನು ಬಹಳ ಹೊತ್ತು ಆ ಕಡೆಗೇ ನಿಂತಿದ್ದ.

ತಿಂಗಳ ಕೊನೆಗೆ ಸುದರ್ಶನ್ ಬಾಡಿಗೆ ಕೋಣೆ ಖಾಲಿ ಮಾಡಿ ಯೋನ್‌ಶೋಪಿಂಗ್‌ಗೆ ಬಂದ. ಊರಿಗೆ ಮರಳುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳ ಕೆಲಸ ಇದ್ದದ್ದು ಇಲ್ಲಿ, ಈಗ ಮನೆ ನಡೆಯಬೇಕಾದದ್ದು ಅದರಿಂದಲೇ. ಹಡಗು ಚೆನ್ನೈ ಮುಟ್ಟಿದ್ದು ದೀಪಾವಳಿಯಾದ ಮೇಲೆ. ಊರಿಗೆ ಮರಳಿ ನೆಲೆಸುತ್ತೇನೆಂದು ಬರೆದುಕೊಟ್ಟವನೇ ಎದುರಿಗೆ ಬಂದು ನಿಲ್ಲಬೇಕು, ಅಣ್ಣ ಬಂದರೆ ಆಗದು ಎಂದರು ಅಲ್ಲಿಯ ಕಸ್ಟಮ್ಸಿನವರು. ಪ್ರಭಾಕರ ಎರಡು ಸಲ ಬೆಂಗಳೂರಿನಿಂದ ಹೋಗಿ ಬಂದ. ಎರಡನೆಯ ಸಲ ಬಂದರಿನ ಅಂಗಳದಿಂದಲೇ ವೀಡಿಯೊ ಕಾಲ್ ಮಾಡಿದ.

“ನೋಡೋ ಸುದರ್ಶನ, ಇಲ್ಲೇ ನಿಂತಿದೆ,” ಎಂದು ಫೋನನ್ನು ಕಾರಿನ ಕಡೆ ಹಿಡಿದ. ತಮ್ಮನ ಕಣ್ಣಿನ ವಿಷಯ ಅವನಿಗೆ ತಿಳಿಸಿದ್ದರು. ಆದರೂ ಬಾಯಿಗೆ ಬಂದದ್ದು ಅದೇ ಮಾತು. ಆಮೇಲೆ ತಡವರಿಸಿದ.

ಸುದರ್ಶನ್ ಫೋನಿನ ಪಕ್ಕದ ಗೋಡೆಯ ಕಡೆ ನೋಡುತ್ತ, “ಹೇಗಿದೆ ನಿವಿ?” ಎಂದ.

ಅವಳು ನೋಡಿದಳು. ಬಿಸಿಲು, ತಗಡಿನ ಬೇಲಿ, ಕಡುನೀಲಿಯೆಂದು ಹೇಳಲಾಗದಷ್ಟು ಮಣ್ಣು. ಬಾನೆಟ್ಟಿನ ಮೇಲೆ ಯಾವುದೋ ಹಕ್ಕಿಯ ಹಿಕ್ಕೆ.

“ಧೂಳಾಗಿದೆ,” ಎಂದಳು.

“ನೀನು ಒಂದ್ಸಲ ಬಂದು ಹೋಗಪ್ಪ,” ಎಂದ ಪ್ರಭಾಕರ. “ಇಲ್ಲಾಂದ್ರೆ ಇವರು ಹರಾಜಿಗೆ ಹಾಕ್ತಾರಂತೆ. ಏನ್ ಮಾಡ್ಲಿ ಹೇಳು. ನಾನು ಕೈ ಹಿಡ್ಕೊಂಡು ಕರ್ಕೊಂಡ್ಬರ್ತೀನಿ, ಏರ್‌ಪೋರ್ಟಿಂದ.”

ಕೈ ಹಿಡಿದುಕೊಂಡು ಎಂದದ್ದಕ್ಕೆ ಸುದರ್ಶನ್‌ನ ಮುಖ ಬಿಗಿಯಿತು.

“ಬಿಟ್ಬಿಡಣ್ಣ,” ಎಂದ. “ಹಾಕ್ಕೊಳ್ಲಿ.”

ಚಳಿಗಾಲ ಬಂತು. ಕೊಮ್ಯೂನಿನಿಂದ, ಎಂದರೆ ಊರಿನ ನಗರಸಭೆಯಿಂದ, ಒಬ್ಬ ಹೆಂಗಸು ವಾರಕ್ಕೊಮ್ಮೆ ಬಂದು, ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸತೊಡಗಿದಳು. ಅವಳಿದ್ದಾಗ ಸುದರ್ಶನ್ ವಿಧೇಯನಾಗಿ ನಡೆಯುತ್ತಿದ್ದ. ಅವಳು ಹೋದ ಮೇಲೆ ಕೋಲನ್ನು ಜಾಕೆಟ್ಟುಗಳ ಹಿಂದೆ ತಳ್ಳಿ ಬಿಡುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯೊಳಗೆ ಅವನು ಏನು ಮಾಡುತ್ತಾನೆಂದು ನಿವೇದಿತಾ ಕೇಳುವುದನ್ನು ನಿಲ್ಲಿಸಿದ್ದಳು. ಅವನು ಹೇಳುವುದನ್ನು ಅದಕ್ಕೂ ಮೊದಲೇ ನಿಲ್ಲಿಸಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ, “ಬಸ್ ಸ್ಟಾಪ್ ತನಕ ಬಾರೋ ನನ್ ಜೊತೆ. ನಾಲ್ಕು ಹೆಜ್ಜೆ,” ಎಂದು ಕರೆದಳು. ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ಜಾಕೆಟ್ ಹಾಕಿಕೊಂಡ. ಶೂ ಅವಳು ಕಟ್ಟಿದಳು. ಇಬ್ಬರೂ ಮೆಟ್ಟಿಲಿಳಿದು ಬಾಗಿಲಾಚೆ ಬಂದರು.

ರಾತ್ರಿಯೆಲ್ಲ ಹಿಮ ಗಟ್ಟಿಯಾಗಿತ್ತು. ಅಂಗಳದಲ್ಲಿ ನೆರೆಯವರು ತಮ್ಮ ತಮ್ಮ ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುತ್ತಿದ್ದರು. ಒಬ್ಬೊಬ್ಬರೇ ಕೂತು ಗಾಡಿ ಚಾಲೂ ಮಾಡಿ ಹೊರಟರು. ಸುದರ್ಶನ್ ಬಾಗಿಲ ಬಳಿಯ ಕಂಬಿ ಹಿಡಿದು ನಿಂತುಬಿಟ್ಟ. ಒಂದು ಕಾರಿನ ಚಕ್ರ ಹಿಮದ ಮೇಲೆ ಸುಮ್ಮನೆ ತಿರುಗಿತು, ಆಮೇಲೆ ಹಿಡಿಯಿತು. ಅವನ ಬಲಗಾಲಿನ ಹೆಬ್ಬೆರಳಿನ ಕಡೆ ಶೂ ಸ್ವಲ್ಪ ಕೆಳಗೆ ಒತ್ತಿಕೊಂಡದ್ದನ್ನು ಅವಳು ನೋಡಿದಳು.

“ಬಾ,” ಎಂದು ತೋಳು ಹಿಡಿದಳು.

“ನೀನು ಹೋಗು. ಬಸ್ ತಪ್ಪತ್ತೆ.”

“ಬಾರೋ, ಪ್ಲೀಸ್.”

“ಹೋಗು ನಿವಿ.”

ಅವಳು ಹೋದಳು. ತಿರುವಿನಲ್ಲಿ ನಿಂತು ಹಿಂದೆ ನೋಡಿದಳು. ಅವನು ಅಲ್ಲೇ ಇದ್ದ, ಅವಳು ಹೋದ ದಿಕ್ಕಿಗಲ್ಲ, ಕಾರುಗಳು ಹೊರಟುಹೋದ ಜಾಗಕ್ಕೆ ಮುಖ ಮಾಡಿ. ಕೈ ಬೀಸಲೆಂದು ಎತ್ತಿದಳು. ಎತ್ತಿದ ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದಳು.